ಸೂಜಿ ಯಾವುದಾದ್ರೇನು ಅನ್ನೋರಿಗೆ...

ಇದನ್ನ ಸಿಟ್ಟಲ್ಲೇ ಬರೀತಿದೀನಿ, ಮೊದಲೇ ಹೇಳಿಬಿಡ್ತೀನಿ. ಹೋದ ವಾರ ಪರಿಚಯದವರೊಬ್ಬರು ಮನೆಗೆ ಬಂದಿದ್ರು. ನಾನು ಹೊಲಿಗೆ ಮಷಿನ್ನಿನ ಸೂಜಿ ಬದಲಾಯಿಸ್ತಾ ಕೂತಿದ್ದೆ. "ಮುರಿದಿಲ್ವಲ್ಲ, ಯಾಕೆ ಬಿಸಾಕ್ತೀರಾ? ಸೂಜಿ ಯಾವುದಾದ್ರೇನು, ದಾರ ಯಾವುದಾದ್ರೇನು, ಹೊಲಿದ್ರೆ ಆಯ್ತಪ್ಪ" ಅಂದ್ರು. ಇಪ್ಪತ್ತು ಸಾವಿರ ಕೊಟ್ಟು ಮಷಿನ್ ತಗೊಂಡವರು ಅವರು! ನಕ್ಕು ಸುಮ್ಮನಾದೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಯಾಕಂದ್ರೆ ಇಂಥದೇ ಮಾತು ನಂಬಿ ನಾನು ನಮ್ಮಜ್ಜಿಯ ನಾಲ್ಕು ಸೀರೆ ಕಳ್ಕೊಂಡಿದೀನಿ.

ಧಾರವಾಡದ ಕಡೆಯವರಿಗೆ ಕೌದಿ ಅಂದ್ರೆ ಏನು ಅಂತ ಹೇಳಬೇಕಿಲ್ಲ. ಉಳಿದವರಿಗೆ: ಹಳೇ ಸೀರೆ, ಧೋತರಗಳನ್ನ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಉದ್ದಕ್ಕೂ ಸಾಲು ಸಾಲು ಹೊಲಿಗೆ ಹಾಕಿ ಮಾಡೋ ಹೊದಿಕೆ. (ಇದನ್ನೇ ಕ್ವಿಲ್ಟ್ ಅಂತ ಹೆಸರಿಟ್ಟು ಮಾಲಿನಲ್ಲಿ ತೂಗುಹಾಕಿದ್ರೆ ಕಣ್ಣು ಮುಚ್ಚಿ ದುಡ್ಡು ಕೊಡ್ತೀವಿ. ಇರ್ಲಿ, ಅದು ಬೇರೆ ಕತೆ.)

ಅಜ್ಜಿ ಹೋದ ಮೇಲೆ ಅವಳ ಇಳಕಲ್ ಸೀರೆಗಳನ್ನ ಕೌದಿ ಮಾಡಿಸಬೇಕು ಅಂತ ಆಸೆ ಆಯ್ತು. ಕೈಯಲ್ಲಿ ಹೊಲಿಯೋರು ಸಿಗಲಿಲ್ಲ... ನಿಜ ಹೇಳಬೇಕಂದ್ರೆ ನಾನೇ ಸರಿಯಾಗಿ ಹುಡುಕಲಿಲ್ಲ. ಅವರು ಕೇಳೋ ಕೂಲಿ ಜಾಸ್ತಿ ಅನಿಸಿತ್ತು. ಒಬ್ಬ ಟೇಲರ್ ಹತ್ರ ಕೊಟ್ಟೆ. ದಾರ ಯಾವುದು ಹಾಕ್ತೀರಿ ಅಂದೆ. "ಪಾಲಿಯೆಸ್ಟರ್ ರೀ ಅಕ್ಕಾರ, ಜಗ್ಗಿದ್ರೂ ಹರಿಯಂಗಿಲ್ಲ" ಅಂದ್ರು. ಖುಷಿಯಾಗಿ ಮನೆಗೆ ಬಂದೆ.

ಮೂರನೇ ಸಲ ಒಗೆಯೋಷ್ಟರಲ್ಲಿ ಕೌದಿ ಹರೀತು. ದಾರ ಹರೀಲಿಲ್ಲ, ಅವರು ಹೇಳಿದ್ದು ಅಕ್ಷರಶಃ ನಿಜ! ಹರಿದಿದ್ದು ಸೀರೆ. ಹೊಲಿಗೆ ಸಾಲಿನ ಗುಂಟ, ಅಂಚೆಚೀಟಿ ಹರೀತೀವಲ್ಲ, ಹಾಗೆ. ಕೆಂಪು ಸೆರಗಿನ ಮಧ್ಯೆ ಬಿಳೀ ದಾರ ಮಾತ್ರ ಗಟ್ಟಿಯಾಗಿ ನೇತಾಡ್ತಿತ್ತು. ಮನೆಯವರೆಲ್ಲ "ಮಷಿನ್ ಹೊಲಿಗೆ ಅಂದ್ರೆ ಹಿಂಗೇ" ಅಂದ್ರು. ಈ ಮಾತಿಗೂ ನನ್ನ ತಕರಾರಿದೆ. ಮಷಿನ್ ಏನು ಮಾಡೀತು ಪಾಪ? ಅದರ ಬಾಯಿಗೆ ನಾವು ಏನಿಡ್ತೀವೋ ಅದರಲ್ಲೇ ಅದು ಹೊಲಿಯೋದು.

ಆಮೇಲೆ ನಾನೇ ಒಂದು ಮಷಿನ್ ತಗೊಂಡು ಕಲಿಯೋಕೆ ಕೂತೆ. ಸೂಜಿ ಪ್ಯಾಕೆಟ್ ಮೇಲೆ 90/14 ಅಂತ ಇರುತ್ತಲ್ಲ, ಅದರಲ್ಲಿ 90 ಅಂದ್ರೆ ಸೂಜಿಯ ದಪ್ಪ 0.9 ಮಿಲಿಮೀಟರ್. 14 ಅನ್ನೋದು ಅದೇ ದಪ್ಪಕ್ಕೆ ಇನ್ನೊಂದು ಪದ್ಧತಿಯ ಹೆಸರು, ಅಷ್ಟೇ. 75/11 ಸಣ್ಣದು, 110/18 ದಪ್ಪದ್ದು. ಲೆಕ್ಕ ಹಾಕಿ ನೋಡಿ, 75ರ ತೂತಿಗಿಂತ 110ರ ತೂತು ವಿಸ್ತೀರ್ಣದಲ್ಲಿ ಎರಡು ಪಟ್ಟಿಗಿಂತ ದೊಡ್ಡದು. ಇನ್ನು ಹೊಲಿಗೆ ಇಂಚಿಗೆ ಹನ್ನೆರಡು ಬಿದ್ರೆ ಐದಡಿ ಉದ್ದದ ಒಂದೇ ಸಾಲಿಗೆ 720 ತೂತು! ಅದನ್ನೇ ಇಂಚಿಗೆ ಎಂಟು ಮಾಡಿದ್ರೆ 480. ನಲವತ್ತು ವರ್ಷ ಉಟ್ಟು, ಒಗೆದು, ಬಿಸಿಲಿಗೆ ಹಾಕಿದ ಸೀರೆ ಅದು. ಬೆಳಗ್ಗೆಯಿಂದ ಜೀನ್ಸ್ ಪ್ಯಾಂಟ್ ಹೊಲಿದು ಮೊಂಡಾದ ದಪ್ಪ ಸೂಜಿಯನ್ನೇ ಅದಕ್ಕೂ ಇಳಿಸಿದ್ರೆ ಎಳೆ ಉಳಿಯೋದು ಹೇಗೆ? ಮೊಂಡು ಸೂಜಿ ಎಳೆಗಳ ಮಧ್ಯೆ ನುಸುಳೋದಿಲ್ಲ, ಹೊಡೆದು ನುಗ್ಗುತ್ತೆ. ಟಕ್ ಟಕ್ ಅಂತ ಸದ್ದು ಬೇರೆ ಮಾಡುತ್ತೆ, ಕೇಳೋ ಕಿವಿ ಬೇಕಷ್ಟೆ. ಎಂಟು ಗಂಟೆ ಹೊಲಿದ ಮೇಲೆ ಸೂಜಿ ಬದಲಾಯಿಸಿ ಅಂತ ಬಲ್ಲವರು ಹೇಳೋದು ಸುಮ್ನೆ ಅಲ್ಲ.

ಕ್ವಿಲ್ಟಿಂಗ್ ಸೂಜಿ ಅಂತಾನೇ ಬೇರೆ ಬರುತ್ತೆ. ತುದಿ ಸಪೂರವಾಗಿ ಇಳಿದಿರುತ್ತೆ, ನಾಲ್ಕೈದು ಪದರ ದಾಟುವಾಗ ಬಟ್ಟೆಗೆ ಪೆಟ್ಟು ಕಮ್ಮಿ. ಬಾಲ್ ಪಾಯಿಂಟ್ ಬನಿಯನ್ ಬಟ್ಟೆಗೆ. ಜೀನ್ಸ್ ಸೂಜಿ ಜೀನ್ಸಿಗೇ ಇರಲಿ.

ಈಗ ದಾರ. ಜಗಳ ಆಗೋದೇ ಇಲ್ಲಿ. ಹತ್ತಿ ದಾರದಲ್ಲಿ ನಂಬರ್ ಜಾಸ್ತಿ ಆದಷ್ಟೂ ದಾರ ಸಣ್ಣ. 50 ಅನ್ನೋದು 40ಕ್ಕಿಂತ ತೆಳು. ಪಾಲಿಯೆಸ್ಟರ್ ರೀಲಿನ ಮೇಲಿನ 120 ಅನ್ನೋದು ಬೇರೆಯೇ ಲೆಕ್ಕ, ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಬೇಡಿ. ಪಾಲಿಯೆಸ್ಟರ್ ದಾರ ಬ್ಲೇಡಿನ ಹಾಗೆ ಬಟ್ಟೆ ಕೊಯ್ಯುತ್ತೆ ಅಂತ ಹೆದರಿಸೋರೂ ಇದಾರೆ. ಅದು ಅತಿಯಾಯ್ತು. ಹೊಸ ಬಟ್ಟೆಯ ಕೂಸಿನ ದುಪ್ಪಟಿಗೆ ಧಾರಾಳವಾಗಿ ಹಾಕಿ, ನನ್ನದೇನೂ ಅಭ್ಯಂತರ ಇಲ್ಲ. ನಾನು ಕೇಳೋದು ಇಷ್ಟೇ: ಜಗ್ಗಿದಾಗ ಎರಡರಲ್ಲಿ ಒಂದು ಹರಿಯಲೇಬೇಕು. ಯಾವುದು ಹರೀಬೇಕು? ದಾರ ಹರಿದ್ರೆ ಸಂಜೆ ಕೂತು ಮತ್ತೆ ಹೊಲಿಬಹುದು. ಅಜ್ಜಿಯ ಸೆರಗು ಹರಿದ್ರೆ ಯಾವ ಅಂಗಡಿಯಿಂದ ತರೋದು?

ಹಾಗಂತ ಹತ್ತಿ ದಾರ ಅಂದ ತಕ್ಷಣ ಕಣ್ಣೀರು ಹಾಕ್ಕೊಂಡು ಅಜ್ಜಿಯ ಡಬ್ಬಿಯಲ್ಲಿದ್ದ ಹಳೇ ರೀಲು ಏರಿಸೋದೂ ಬೇಡ. ನಾನು ಏರಿಸಿದ್ದೆ :) ಗೇಣುದ್ದಕ್ಕೊಮ್ಮೆ ತುಂಡಾಗ್ತಿತ್ತು. ರಿಪೇರಿಯವರನ್ನ ಕರೆಸಿದೆ. ಅವರು ಮಷಿನ್ ಮುಟ್ಟಲೂ ಇಲ್ಲ, ಎರಡು ಬೆರಳಲ್ಲಿ ದಾರ ಹಿಡಿದು ಪುಟಕ್ಕಂತ ಮುರಿದು ತೋರಿಸಿ ಹೋದ್ರು. ಕೈ ಹೊಲಿಗೆಗೆ ಅಂತ ಬರೋ, ಮೇಣ ಸವರಿದಂತಿರೋ ದಾರವನ್ನೂ ಮಷಿನ್ನಿಗೆ ಹಾಕಬಾರದು, ಬಿಗಿ ಹಿಡಿಯೋ ಬಿಲ್ಲೆಗಳ ಮಧ್ಯೆ ಅಂಟು ಕೂರುತ್ತೆ. ದಾರಕ್ಕೆ ಸೂಜಿ ಹೊಂದುತ್ತಾ ಅಂತ ನೋಡೋಕೆ ಒಂದು ಸುಲಭ ಉಪಾಯ ಇದೆ. ಸೂಜಿಗೆ ದಾರ ಪೋಣಿಸಿ, ದಾರವನ್ನ ಎರಡು ಕೈಯಲ್ಲಿ ಓರೆಯಾಗಿ ಹಿಡೀರಿ. ಸೂಜಿ ತಾನಾಗೇ ಜಾರಿ ಕೆಳಗೆ ಬರಬೇಕು. ನಡುವೆ ಸಿಕ್ಕಿಕೊಂಡ್ರೆ ಕಣ್ಣು ಚಿಕ್ಕದಾಯ್ತು ಅಂತ ಅರ್ಥ, ಆ ಸೂಜಿಯಲ್ಲಿ ದಾರ ಜುಂಗು ಏಳುತ್ತೆ.

"ಇದೆಲ್ಲ ಹೊಟ್ಟೆ ತುಂಬಿದವರ ಮಾತು, ನಮ್ಮ ಹಳ್ಳಿ ಹೆಂಗಸರು ಇಷ್ಟೆಲ್ಲ ನೋಡ್ತಿದ್ರಾ?" ಅಂತ ಕೇಳ್ತಾರೆ. ನೋಡ್ತಿದ್ರು ಸ್ವಾಮಿ! ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಕೈಯಲ್ಲೇ ಹೊಲಿಯೋ ಕವಂದ್ ನೋಡಿದೀರಾ? ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ಒಳಗೆ ಬಂದು ನಡುಮಧ್ಯೆ ಮುಗಿಸ್ತಾರೆ. ಅದು ಸುಮ್ನೆ ಬರೋ ವಿದ್ಯೆನಾ? ನಾನು ಚಿಕ್ಕವಳಿದ್ದಾಗ ನಮ್ಮನೆಗೂ ಕೌದಿ ಹೊಲಿಯೋ ಒಬ್ಬ ಅಜ್ಜಿ ಬರ್ತಿದ್ದರು. ಮೊದಲು ಬಟ್ಟೆಯನ್ನ ಹೆಬ್ಬೆರಳಲ್ಲಿ ಜಗ್ಗಿ ನೋಡೋರು. ಆಮೇಲೆ ದಾರ. ಒಂದ್ಸಲ ಅವ್ವ ಅಂಗಡಿಯಿಂದ ತಂದಿದ್ದ ಮಿಂಚೋ ದಾರ ವಾಪಸ್ ಕೊಟ್ಟು, "ಇದು ಬ್ಯಾಡ್ರಿ ಅವ್ವಾರ, ಅರಿವಿಗಿಂತ ಗಟ್ಟಿ ಐತಿ" ಅಂದಿದ್ದರು. ನಾನು ಪ್ಯಾಕೆಟ್ ಓದಿ ಓದಿ ಕಲಿತಿದ್ದನ್ನ ಅವರು ಒಂದು ಮಾತಲ್ಲಿ ಹೇಳಿ ಮುಗಿಸಿದ್ದರು. ಅವರ ಕೂಲಿಗೇ ನಾನು ಚೌಕಾಸಿ ಮಾಡಿದ್ದು.

ಟೇಲರ್ ಮೇಲೆ ನನಗೆ ಸಿಟ್ಟಿಲ್ಲ, ಅವರು ಪ್ಯಾಂಟು, ಬ್ಲೌಸು ಹೊಲಿಯೋ ಕಸುಬಿನವರು. ಸಿಟ್ಟು ಇರೋದು "ಯಾವುದಾದ್ರೇನು" ಅನ್ನೋ ಉಡಾಫೆ ಮೇಲೆ. ಹೋಟೆಲಲ್ಲಿ ಒಂದು ಕಾಫಿಗೆ ಕೊಡೋ ದುಡ್ಡಿಗೆ ಬರೋ ಸೂಜಿ ಅದು, ಮಾರಾಯ್ರೆ!

ಆ ಹರಿದ ಕೌದಿಯ ಹೊಲಿಗೆ ಈಗ ಒಂದೊಂದೇ ಬಿಚ್ತಾ ಇದೀನಿ. ಗಟ್ಟಿ ಉಳಿದಿರೋ ತುಂಡುಗಳನ್ನ ಹೊಸ ಮಲ್ ಬಟ್ಟೆ ಮೇಲೆ ಕೂರಿಸಿ ಇನ್ನೊಮ್ಮೆ ಪ್ರಯತ್ನಿಸಬೇಕು. 75/11 ಸೂಜಿ ತಂದಿಟ್ಟಿದೀನಿ. ದಾರದ್ದೇ ಕಷ್ಟ, ಇಲ್ಲಿ ಯಾವ ಅಂಗಡಿಗೆ ಹೋದ್ರೂ ಪಾಲಿಯೆಸ್ಟರ್ರೇ ಕೊಡ್ತಾರೆ. 50 ನಂಬರಿನ ಮೂರೆಳೆ ಹತ್ತಿ ದಾರ, ಕೆಂಪು, ನಿಮ್ಮೂರಲ್ಲಿ ಎಲ್ಲಾದ್ರೂ ಕಂಡ್ರೆ ದಯವಿಟ್ಟು ಒಂದು ಸಾಲು ಬರೀರಿ.