ತಲೆನೋವು ಬಂದರೆ ತಲೆ ತೆಗೀತಾರಾ?

ಅಲ್ಲಾ ಸ್ವಾಮಿ, ತಲೆನೋವು ಅಂದರೆ ತಲೆ ತೆಗೆಸಿ ಅಂತ ಯಾರೂ ಹೇಳೋದಿಲ್ಲ. ಆದರೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತೆ, ಬಿಳಿ ಹೋಗುತ್ತೆ, ಸೊಂಟ ನೋವು ಅಂತ ಮೂವತ್ತೈದರ ಹೆಂಗಸೊಬ್ಬಳು ಡಾಕ್ಟರ ಹತ್ತಿರ ಹೋಗಲಿ, ಎಷ್ಟೋ ಕಡೆ ಉತ್ತರ ರೆಡಿ: "ಮಕ್ಕಳಾಗಿವೆಯಲ್ಲಮ್ಮ, ಇನ್ನು ಗರ್ಭಕೋಶ ಇಟ್ಕೊಂಡು ಏನ್ಮಾಡ್ತೀಯ? ತೆಗೆಸಿಬಿಡು."

ಮೊದಲು ಮಾತ್ರೆ ಕೊಟ್ಟು ನೋಡಬಹುದು. ಹಾರ್ಮೋನ್ ಇರೋ ವಂಕಿ ಹಾಕಬಹುದು. ಥೈರಾಯ್ಡ್ ಪರೀಕ್ಷೆ ಮಾಡಿಸಬಹುದು. ಅಷ್ಟೆಲ್ಲಾ ಯಾರಿಗೆ ಬೇಕು! ಆಪರೇಷನ್ ಅಂದರೆ ಒಂದೇ ಸಲಕ್ಕೆ ಬಿಲ್ಲು.

ಗರ್ಭಕೋಶ ಹೋದರೆ ಮುಟ್ಟು ನಿಲ್ಲುತ್ತೆ, ಅಷ್ಟೇ. ಜೊತೆಗೆ ಎರಡೂ ಅಂಡಾಶಯಗಳನ್ನೂ ಕಿತ್ತರೆ ಈಸ್ಟ್ರೋಜನ್ ರಾತ್ರಿ ಬೆಳಗಾಗೋದರಲ್ಲಿ ನೆಲಕಚ್ಚುತ್ತೆ. ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯೋನು. ನಮ್ಮಲ್ಲಿ ಒಂದು ಫಂಕ್ಷನ್ ಡಿಲೀಟ್ ಮಾಡೋಕೆ ಮುಂಚೆ ಅದನ್ನು ಎಲ್ಲೆಲ್ಲಿಂದ ಕಾಲ್ ಮಾಡಿದ್ದಾರೆ ಅಂತ ಹುಡುಕದಿದ್ದರೆ ಟೀಮ್ ಲೀಡ್ ಉಗೀತಾನೆ. ಈಸ್ಟ್ರೋಜನ್ನಿನ ಕೆಲಸ ಬರೀ ಬಸಿರು ಬಾಣಂತನದ್ದು ಅಂದುಕೊಂಡಿದ್ದೀರಾ? ಮೂಳೆ ಸುಮ್ಮನೆ ನಿಂತ ಕಂಬ ಅಲ್ಲ. ಒಂದು ಬಗೆಯ ಜೀವಕೋಶ ಅದನ್ನು ಕೆರೆದು ಹಾಕ್ತಾ ಇರುತ್ತೆ, ಇನ್ನೊಂದು ಕಟ್ಟುತ್ತಾ ಇರುತ್ತೆ. ಕೆರೆಯೋದಕ್ಕೆ ಲಗಾಮು ಹಾಕೋದು ಈಸ್ಟ್ರೋಜನ್. ಲಗಾಮು ಹೋದರೆ ಮೂಳೆ ಟೊಳ್ಳಾಗುತ್ತಾ ಹೋಗುತ್ತೆ. ಮಿದುಳಿನಲ್ಲಿ ಮೈಯ ಶಾಖ ನೋಡಿಕೊಳ್ಳೋ ಜಾಗವೂ ದಾರಿ ತಪ್ಪುತ್ತೆ. ಜನವರಿ ಚಳಿಯಲ್ಲೂ ಮುಖಕ್ಕೆ ಬೆಂಕಿ ಹಿಡಿದ ಹಾಗೆ, ಬೆವರು, ನಿದ್ದೆ ಇಲ್ಲ. ರಕ್ತನಾಳ, ಮೂತ್ರದ ದಾರಿ, ಎಲ್ಲಕ್ಕೂ ಅದು ಬೇಕು.

ನನ್ನ ಚಿಕ್ಕಮ್ಮನಿಗೆ ಮೂವತ್ತೇಳಕ್ಕೇ ಎರಡೂ ಅಂಡಾಶಯ ತೆಗೆದರು. ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು, ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಆಮೇಲೆ ಅವರು ಸಿಡುಕಿದರೆ ಮನೆಯಲ್ಲಿ "ಇವಳಿಗೆ ಏನೋ ಆಗಿದೆ" ಅನ್ನೋ ಮಾತು. ಹೌದು, ಆಗಿತ್ತು!

ಇದು ಒಂದು ಮನೆಯ ಕತೆ ಅಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ ಇಂಥದ್ದೇ ದೂರು ಹೊರಬಂತು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, 49ರ ಒಳಗಿನ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರ ಪೈಕಿ ಸುಮಾರು ಅರ್ಧ ಜನಕ್ಕೆ ಆಗ ವಯಸ್ಸು 34 ದಾಟಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಅನಗತ್ಯ ಆಪರೇಷನ್ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ ರಾಜ್ಯಗಳಿಗೆ ಮೂರು ತಿಂಗಳ ಗಡುವು ಕೊಡಬೇಕಾಯ್ತು.

"ಬಿಟ್ಟರೆ ಕ್ಯಾನ್ಸರ್ ಆಗುತ್ತೆ" ಅನ್ನೋದು ದೊಡ್ಡ ಅಸ್ತ್ರ. ವಂಶವಾಹಿಯಲ್ಲೇ ಅಪಾಯ ಇರೋರಿಗೆ, ನಿಜವಾಗಿ ಗಡ್ಡೆ ಇರೋರಿಗೆ ತೆಗೆಯೋದು ಸರಿ, ತಕರಾರಿಲ್ಲ. ಉಳಿದವರಿಗೆ? 2009ರಲ್ಲಿ ಅಮೆರಿಕದ ನರ್ಸ್‌ಗಳ ದೊಡ್ಡ ಅಧ್ಯಯನವೊಂದು ಪ್ರಕಟವಾಯ್ತು. ಅಂಡಾಶಯ ತೆಗೆದವರಲ್ಲಿ ಅಂಡಾಶಯದ ಮತ್ತು ಸ್ತನದ ಕ್ಯಾನ್ಸರ್ ಕಡಿಮೆಯಾಗಿತ್ತು, ಆದರೆ ಹೃದ್ರೋಗವೂ ಒಟ್ಟು ಸಾವೂ ಹೆಚ್ಚಾಗಿತ್ತು.

ಸರಿ, ತೆಗೆದದ್ದಾಯ್ತು, ಹಾರ್ಮೋನನ್ನಾದರೂ ವಾಪಸ್ ಕೊಡಿ ಅಂದರೆ ಅಲ್ಲೂ ಹೆದರಿಕೆ. 2002ರಲ್ಲಿ ಅಮೆರಿಕದಲ್ಲಿ ಹಾರ್ಮೋನ್ ಪರೀಕ್ಷೆಯೊಂದನ್ನು ಅರ್ಧಕ್ಕೇ ನಿಲ್ಲಿಸಿದ್ದರ ನೆರಳು ಇದು. ಆ ಹೆಂಗಸರ ಸರಾಸರಿ ವಯಸ್ಸು 63! ಅವರು ತಗೊಳ್ತಾ ಇದ್ದದ್ದು ಎರಡು ಹಾರ್ಮೋನಿನ ಬೆರಕೆ. 37ಕ್ಕೆ ಅಂಡಾಶಯ ಕಳೆದುಕೊಂಡವಳಿಗೂ ಅದಕ್ಕೂ ಏನು ಸಂಬಂಧ? ಬೇರೆ ತೊಂದರೆ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲೋ ವಯಸ್ಸಿನವರೆಗೆ ಈಸ್ಟ್ರೋಜನ್ ಕೊಡಬೇಕು ಅಂತಲೇ ತಜ್ಞರ ಸಲಹೆ. ನಮ್ಮ ಚಿಕ್ಕಮ್ಮನಿಗೆ ಸಿಕ್ಕಿದ್ದು ಕ್ಯಾಲ್ಸಿಯಂ ಮಾತ್ರೆ.

ಇನ್ನು "ಹೆಂಗಸರ ವಿಷಯ, ನಿನಗ್ಯಾಕಪ್ಪಾ" ಅಂತ ಮೂಗು ಮುರಿಯೋ ಮಿತ್ರರಿಗೆ: ಈಸ್ಟ್ರೋಜನ್ ನಿಮ್ಮ ಮೈಯಲ್ಲೂ ಇದೆ. 1994ರಲ್ಲಿ ವರದಿಯಾದ 28ರ ಗಂಡಸೊಬ್ಬನ ದೇಹಕ್ಕೆ ಅದನ್ನು ಗುರುತಿಸೋ ಶಕ್ತಿಯೇ ಇರಲಿಲ್ಲ. 204 ಸೆಂಟಿಮೀಟರ್ ಬೆಳೆದಿದ್ದ, ಇನ್ನೂ ಬೆಳೀತಾನೇ ಇದ್ದ, ಮೂಳೆ ಮಾತ್ರ ಟೊಳ್ಳು. ಮತ್ತೆ, ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಹೆಚ್ಚಾಗಿ ಸಹಿ ಹಾಕೋನೂ ಗಂಡನೇ ತಾನೇ? ಪೆನ್ನು ತೆಗೆಯೋ ಮೊದಲು "ಅಂಡಾಶಯ ಉಳಿಸ್ತೀರಾ?" ಅಂತ ಕೇಳೋಕೆ ಏನು ಕಷ್ಟ?