ಅಮೆರಿಕದ ಹೆಸರು ಹೇಳಿದರೆ ಸಾಕೆ?

ನಮ್ಮ ಕಂಬಂ ಕಣಿವೆಯ ಟೀ ಅಂಗಡಿಗಳಲ್ಲಿ ಅಮೆರಿಕದ ಮಾತು ಬರದ ದಿನವಿಲ್ಲ. ಎಲ್ಲಿ ಯುದ್ಧ ಆದರೂ ಅವನದೇ ಕೈವಾಡ, ಏಲಕ್ಕಿ ಬೆಲೆ ಬಿದ್ದರೂ ಅವನೇ ಕಾರಣ. ನಾನೂ ಹಾಗೆ ಮಾತಾಡಿದವನೇ. ಆದರೆ ಪೊಟ್ಟಿಪುರಂ ಬೆಟ್ಟದ ವಿಷಯದಲ್ಲಿ ಆ ಮಾತು ನಮಗೇ ಮುಳುವಾಯಿತು ಅನ್ನೋದು ನನ್ನ ತಕರಾರು. ಸಿಟ್ಟು ಬರುವವರಿಗೆ ಬರಲಿ.

2015ರ ಜನವರಿಯಲ್ಲಿ ಕೇಂದ್ರ ಸಂಪುಟ ಅಲ್ಲಿ ನ್ಯೂಟ್ರಿನೋ ಪ್ರಯೋಗಾಲಯಕ್ಕೆ ಒಪ್ಪಿಗೆ ಕೊಟ್ಟಿತು. ಬೆಟ್ಟದೊಳಗೆ ಸುಮಾರು 2 ಕಿಲೋಮೀಟರ್ ಸುರಂಗ, ಒಳಗೆ 50,000 ಟನ್ ಕಬ್ಬಿಣದ ಯಂತ್ರ, ಖರ್ಚು 1,500 ಕೋಟಿ ರೂಪಾಯಿಗೂ ಮೇಲೆ. ನ್ಯೂಟ್ರಿನೋ ಅಂದರೆ ಆಕಾಶದಿಂದ ಬಂದು ನಮ್ಮ ಮೈಯನ್ನೂ ಭೂಮಿಯನ್ನೂ ತೂರಿಕೊಂಡು ಹೋಗುವ ಕಣ. ಹೊಸದೇನಲ್ಲ, 1965ರಲ್ಲೇ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಮ್ಮ ವಿಜ್ಞಾನಿಗಳು ಜಪಾನು, ಇಂಗ್ಲೆಂಡಿನವರ ಜತೆ ಸೇರಿ ಇದರ ಸುಳಿವು ಹಿಡಿದಿದ್ದರು.

ಇಲ್ಲಿ ಹಬ್ಬಿದ ಸುದ್ದಿಯೇ ಬೇರೆ. ಶಿಕಾಗೋ ಹತ್ತಿರದ ಫರ್ಮಿಲ್ಯಾಬಿನಿಂದ ಭೂಮಿಯೊಳಗೇ ಕಿರಣ ಬಿಡುತ್ತಾರೆ, ಇಲ್ಲಿ ಹಿಡಿಯುತ್ತಾರೆ, ಬೇರೆ ದೇಶಗಳ ಅಣುಬಾಂಬನ್ನು ಕೂತಲ್ಲೇ ಕೆಡಿಸೋದು ಅಮೆರಿಕದ ಸಂಚು ಅಂತ. ಪೂರ್ತಿ ಗಾಳಿಮಾತೂ ಅಲ್ಲ ಇದು. 2003ರಲ್ಲಿ ಜಪಾನಿನ ಸುಗವಾರ ಮತ್ತು ಸಂಗಡಿಗರು ಇಂಥದ್ದೊಂದು ಲೆಕ್ಕ ಬರೆದದ್ದು ಉಂಟು. ಆದರೆ ಅದಕ್ಕೆ 1,000 ಕಿಲೋಮೀಟರ್ ಸುತ್ತಳತೆಯ ಯಂತ್ರ ಬೇಕು ಅಂತಲೂ ಅವರೇ ಬರೆದಿದ್ದರು. ಹೆಚ್ಚುಕಡಿಮೆ ಕಂಬಂನಿಂದ ಚೆನ್ನೈಗೆ ಹೋಗಿ ಬಂದಷ್ಟು ದೂರ! ಇವತ್ತು ಲೋಕದಲ್ಲಿರುವ ಅತಿ ದೊಡ್ಡದೇ 27 ಕಿಲೋಮೀಟರ್.

ಒಂದು ಸಭೆಯಲ್ಲಿ ನಮ್ಮ ಮಾವ ಎದ್ದು ಕೇಳಿದರು: "ಸ್ವಾಮಿ, ಬಂಡೆ ಸಿಡಿಸಿದರೆ ನಮ್ಮ ಬಾವಿ ನೀರು ನಿಲ್ಲುತ್ತಾ?" ವೇದಿಕೆ ಮೇಲಿದ್ದವರು ನಕ್ಕು, ಅಮೆರಿಕದ ಬಾಂಬು ಅನ್ನೋದೆಲ್ಲ ಕಟ್ಟುಕತೆ, ಹೆದರಬೇಡಿ ಅಂದರು. ಬಾಂಬಿನ ಮಾತು ಮಾವ ಎತ್ತಿರಲೇ ಇಲ್ಲ. ಮತಿಕೆಟ್ಟಾನ್ ಚೋಲೆ ಕಾಡು ಅಲ್ಲಿಂದ 5 ಕಿಲೋಮೀಟರ್ ಒಳಗೇ ಇದೆ. ನೀಲಗಿರಿಯ ಸಿಂಗಾರದಲ್ಲಿ ಹುಲಿ, ಆನೆಗಳ ಕಾಡು ಅಂತ 2009ರಲ್ಲಿ ಇದೇ ಯೋಜನೆಗೆ ಬೇಡ ಅಂದಿದ್ದರು. ಅಲ್ಲಿ ಕೂಡದ್ದು ಇಲ್ಲಿ ಹೇಗೆ ಕೂಡಿತು? ನಾವು ಕೇಳಬೇಕಾದ್ದು ಇದು. ಬಾಂಬಿನ ಕತೆ ಹಿಡಿದುಕೊಂಡು, ಇದಕ್ಕೆ ಉತ್ತರ ಕೊಡದೆ ಜಾರಿಕೊಳ್ಳಲು ನಾವೇ ಅವರಿಗೆ ದಾರಿ ಮಾಡಿಕೊಟ್ಟೆವು.

ಕೂಡಂಕುಳಂನಲ್ಲಿ ಇದೇ ಆಟ ತಿರುವುಮುರುವಾಗಿ ನಡೆದಿತ್ತು. ಸಮುದ್ರ ಏನಾಗುತ್ತೆ, ಮೀನು ಏನಾಗುತ್ತೆ ಅಂತ ಕರಾವಳಿಯ ಜನ ಅಣುಸ್ಥಾವರದ ಎದುರು ಕೂತರೆ, ಇದರ ಹಿಂದೆ ಇರೋದು ಹೆಚ್ಚಾಗಿ ಅಮೆರಿಕದ ಸಂಘಸಂಸ್ಥೆಗಳು ಅಂತ 2012ರಲ್ಲಿ ಪ್ರಧಾನಿ ಮನಮೋಹನ ಸಿಂಗರೇ ಒಂದು ವಿಜ್ಞಾನ ಪತ್ರಿಕೆಗೆ ಹೇಳಿದರು. ಅಲ್ಲಿ ಬೇಡ ಅಂದವರು ಅಮೆರಿಕದವರು, ಇಲ್ಲಿ ಬೇಕು ಅಂದವರು ಅಮೆರಿಕದವರು. ಎರಡೂ ಕಡೆ ಊರಿನವರ ಮಾತು ಯಾರ ಕಿವಿಗೂ ಬೀಳಲಿಲ್ಲ.

ಹಾಗಂತ ಅಮೆರಿಕ ಸಾಧು ಅಂತ ನಾನು ಹೇಳ್ತಿಲ್ಲ. 1998ರಲ್ಲಿ ಪೋಖ್ರಾನ್ ಸ್ಫೋಟ ಆದ ಮೇಲೆ ನಮ್ಮ ಅಣು ಸಂಸ್ಥೆಗಳಿಗೆ ಸಾಮಾನು ಮಾರೋದನ್ನು ತಡೆದ ದೇಶವೇ 2008ರಲ್ಲಿ ಅಣು ಒಪ್ಪಂದಕ್ಕೆ ಸಹಿ ಹಾಕಿತು. ಅವರ ಲಾಭಕ್ಕೆ ತಕ್ಕಂತೆ ಅವರ ನೀತಿ. ಅದರಲ್ಲಿ ಎಷ್ಟೋ ಭಾಗ ಗುಟ್ಟೂ ಅಲ್ಲ. 2018ರ ಏಪ್ರಿಲಿನಲ್ಲಿ ಅಮೆರಿಕದ ಇಂಧನ ಮಂತ್ರಿ ರಿಕ್ ಪೆರಿ ದೆಹಲಿಗೆ ಬಂದು ನ್ಯೂಟ್ರಿನೋ ಸಹಕಾರದ ಒಪ್ಪಂದ ಮಾಡಿಕೊಂಡರು. ಫರ್ಮಿಲ್ಯಾಬಿನ ಯೋಜನೆಯ ಜತೆಗೆ ನಮ್ಮ ಬೆಟ್ಟದ ಯೋಜನೆಯ ಹೆಸರನ್ನೂ ಅವತ್ತು ಬಹಿರಂಗವಾಗಿಯೇ ಹೇಳಿದರು. ಬಾಂಬಿನ ಕತೆ ಬಲ್ಲ ನಮ್ಮಲ್ಲಿ ಎಷ್ಟು ಜನಕ್ಕೆ ಈ ಸಂಗತಿ ಗೊತ್ತು? ಹಣ ಯಾರದು, ಸಿಕ್ಕ ಮಾಹಿತಿ ಯಾರಿಗೆ, ಬೇಡ ಅನ್ನುವ ಹಕ್ಕು ಯಾರಿಗಿದೆ ಅಂತ ಯಾರು ಕೇಳಿದೆವು?

2022ರ ಫೆಬ್ರವರಿಯಲ್ಲಿ ತಮಿಳುನಾಡು ಸರ್ಕಾರ ಈ ಯೋಜನೆಗೆ ಅನುಮತಿ ಕೊಡಲಾಗದು ಅಂತ ಸುಪ್ರೀಂ ಕೋರ್ಟಿಗೆ ತಿಳಿಸಿತು. ಗೆದ್ದೆವು ಅಂತ ಸುಮ್ಮನಾಗಿದ್ದೀವಿ. ನಾಳೆ ಇನ್ನೊಂದು ಬೆಟ್ಟ, ಇನ್ನೊಂದು ಒಪ್ಪಂದ ಬಂದರೆ ಮತ್ತೆ ಟೀ ಅಂಗಡಿ ಕತೆಯೇ ನಮ್ಮ ಆಧಾರ ಆಗುತ್ತೆ. ನಾವು ಮನೆಯಲ್ಲಿ ಕನ್ನಡ ಆಡೋರು, ಶಾಲೆಯಲ್ಲಿ ತಮಿಳು ಕಲಿತೋರು. ಇಂಗ್ಲಿಷಿನ ಕಾಗದ ಅಂದರೆ ನಮ್ಮಲ್ಲಿ ಅರ್ಧ ಜನ ಕೈ ಕಟ್ಟಿ ನಿಲ್ಲುತ್ತೀವಿ. ಅದಕ್ಕೇ ನಮ್ಮ ಮೇಷ್ಟ್ರುಗಳನ್ನು ಕೇಳ್ತಿದ್ದೀನಿ: ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು. 2018ರ ಒಪ್ಪಂದದ ಪ್ರತಿ ಬೇಕು ಅಂತ ಒಂದು ಅರ್ಜಿ ಬರೆದುಕೊಡಿ. ಸಹಿ ನಾನು ಹಾಕ್ತೀನಿ, ಹಣವೂ ನನ್ನದೇ.