ಪ್ಯಾಟ್ ಸಮಿಟ್‌ಗೆ ಬಾಗಿಲು ತೆರೆದವರು ಯಾರು?

ಅಮೆರಿಕದ ಟೆನೆಸಿ ರಾಜ್ಯದ ಒಬ್ಬ ರೈತನ ಮಗಳು ಒಂದೇ ಯೂನಿವರ್ಸಿಟಿಯಲ್ಲಿ 38 ವರ್ಷ ಹುಡುಗಿಯರ ಬಾಸ್ಕೆಟ್‌ಬಾಲ್ ಕೋಚ್ ಆಗಿದ್ದರು. ಅವರ ತಂಡ ಗೆದ್ದ ಪಂದ್ಯಗಳು 1,098. ಸೋತದ್ದು 208. ರಾಷ್ಟ್ರೀಯ ಚಾಂಪಿಯನ್ ಪಟ್ಟ 8 ಸಲ. ಅವರ ಹೆಸರು ಪ್ಯಾಟ್ ಸಮಿಟ್.

ಇಂಥವರ ಕಥೆ ವಾಟ್ಸಾಪ್‌ನಲ್ಲಿ ಬಂದರೆ ಕೊನೆಗೊಂದು ನೀತಿ ಇದ್ದೇ ಇರುತ್ತದೆ: ಛಲ ಇದ್ದರೆ ಸಾಕು, ಏನು ಬೇಕಾದರೂ ಸಾಧಿಸಬಹುದು. ಪ್ಯಾಟ್ ಅವರಲ್ಲಿ ಛಲ ಬೇಕಾದಷ್ಟಿತ್ತು, ಸುಳ್ಳಲ್ಲ. ಆದರೆ "ಸಾಕು" ಅನ್ನುವ ಮಾತಿಗೆ ನನ್ನ ತಕರಾರಿದೆ. ಅವರ ಬದುಕನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಪ್ಯಾಟ್ ಹುಟ್ಟಿದ್ದು 1952ರಲ್ಲಿ, ಕ್ಲಾರ್ಕ್ಸ್‌ವಿಲ್ ಎಂಬಲ್ಲಿ. ಮನೆಯಲ್ಲಿ ಹೈನು, ಹೊಲದಲ್ಲಿ ತಂಬಾಕು. ಮೂವರು ಅಣ್ಣಂದಿರು, ಒಬ್ಬ ತಂಗಿ. ಗಂಡು ಹೆಣ್ಣು ಅನ್ನದೆ ಎಲ್ಲರಿಗೂ ಸಮ ಕೆಲಸ. ಹಾಲು ಕರೆದು, ಹುಲ್ಲು ಹೊತ್ತು, ಕೆಲಸವೆಲ್ಲ ಮುಗಿದ ಮೇಲೆ ರಾತ್ರಿ ಹುಲ್ಲು ಒಟ್ಟುವ ಅಟ್ಟದಲ್ಲಿ ಅಣ್ಣಂದಿರ ಜೊತೆ ಬಾಸ್ಕೆಟ್‌ಬಾಲ್. ಅಣ್ಣಂದಿರು ತಂಗಿ ಅಂತ ಬಿಟ್ಟುಕೊಡುವವರಲ್ಲ.

ಹೈಸ್ಕೂಲಿಗೆ ಬಂದಾಗ ಒಂದು ತೊಡಕು. ಅವರು ಸೇರಬೇಕಿದ್ದ ಶಾಲೆಯಲ್ಲಿ ಹುಡುಗಿಯರ ತಂಡವೇ ಇರಲಿಲ್ಲ. ಮಗಳ ಆಟ ಇಲ್ಲಿಗೆ ಮುಗಿಯಿತು ಅಂತ ಅಪ್ಪ ಕೈಚೆಲ್ಲಬಹುದಿತ್ತು. ಅವರು ಕೈಚೆಲ್ಲಲಿಲ್ಲ. ಹುಡುಗಿಯರ ತಂಡ ಇದ್ದ ಶಾಲೆಗೆ ಮಗಳು ಸೇರಲಿ ಅಂತ ಸಂಸಾರ ಸಮೇತ ಹೆನ್ರಿಯೆಟಾ ಎಂಬ ಪಕ್ಕದ ಊರಿಗೆ ಮನೆ ಬದಲಾಯಿಸಿದರು. ಈ ಅಪ್ಪ ಮುದ್ದು ಮಾಡುವ ಅಪ್ಪ ಏನಲ್ಲ. ಮಗಳನ್ನು ಅಪ್ಪಿಕೊಳ್ಳುವುದು ಕೂಡ ಗೊತ್ತಿಲ್ಲದ ಕಟ್ಟುನಿಟ್ಟಿನ ಮನುಷ್ಯ. ಆದರೂ ಮಗಳ ಆಟಕ್ಕಾಗಿ ಮನೆ ಬದಲಿಸಿದರು. ಇದು ಮೊದಲ ಬಾಗಿಲು.

ಕಾಲೇಜಿಗೆ ಹೋಗುವಾಗ ಇನ್ನೊಂದು ಅನ್ಯಾಯ. ಅಣ್ಣಂದಿರಿಗೆ ಆಟದ ಮೇಲೆ ಸ್ಕಾಲರ್‌ಶಿಪ್ ಸಿಕ್ಕಿತ್ತು. ಆಗ ಹುಡುಗಿಯರಿಗೆ ಅಂಥ ಸ್ಕಾಲರ್‌ಶಿಪ್ ಇರಲಿಲ್ಲ. ಅದೇ ಅಟ್ಟ, ಅದೇ ಚೆಂಡು, ಅದೇ ಬೆವರು, ಆದರೂ ಮಗಳ ಫೀಸನ್ನು ಅಪ್ಪ-ಅಮ್ಮನೇ ಕಟ್ಟಬೇಕಾಯಿತು.

ಪ್ಯಾಟ್ ಕಾಲೇಜಿನಲ್ಲಿದ್ದಾಗಲೇ, 1972ರಲ್ಲಿ, ಅಮೆರಿಕದಲ್ಲಿ "ಟೈಟಲ್ ನೈನ್" ಎಂಬ ಕಾನೂನು ಬಂತು. ಅದರ ತಿರುಳು ಸರಳ. ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಯಾವ ಶಾಲೆ, ಕಾಲೇಜೂ ಗಂಡು ಹೆಣ್ಣು ಅಂತ ಭೇದ ಮಾಡುವಂತಿಲ್ಲ. ಆಟದ ಮೈದಾನಕ್ಕೂ ಇದು ಅನ್ವಯ. ಇದು ಎರಡನೇ ಬಾಗಿಲು.

ಕಾನೂನು ಬಂದ ಮಾತ್ರಕ್ಕೆ ದುಡ್ಡು ಬರಲಿಲ್ಲ. 1974ರಲ್ಲಿ ಟೆನೆಸಿ ಯೂನಿವರ್ಸಿಟಿಯಲ್ಲಿ ಪ್ಯಾಟ್ ಕೋಚ್ ಆದಾಗ ಅವರಿಗೆ 22 ವರ್ಷ. ತಂಡದ ಕೆಲವು ಹುಡುಗಿಯರಿಗಿಂತ ಒಂದೇ ವರ್ಷ ದೊಡ್ಡವರು. ಸಂಬಳ ತಿಂಗಳಿಗೆ 250 ಡಾಲರ್. ಆಟಗಾರ್ತಿಯರ ಜರ್ಸಿ ಒಗೆಯುವವರೂ ಅವರೇ, ಊರೂರಿಗೆ ವ್ಯಾನ್ ಓಡಿಸುವವರೂ ಅವರೇ. ಆ ಜರ್ಸಿಗಳೋ, ಹಿಂದಿನ ವರ್ಷ ಡೋನಟ್ ಎಂಬ ಸಿಹಿತಿಂಡಿ ಮಾರಿ ಬಂದ ದುಡ್ಡಲ್ಲಿ ಕೊಂಡವು. ಮೊದಲ ಪಂದ್ಯವನ್ನು ಒಂದೇ ಪಾಯಿಂಟಿನಿಂದ ಸೋತರು.

ಮಹಿಳಾ ಬಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದದ್ದೇ 1976ರಲ್ಲಿ. ಆ ವರ್ಷ ಪ್ಯಾಟ್ ಆಟಗಾರ್ತಿಯಾಗಿ ಬೆಳ್ಳಿ ಗೆದ್ದರು. 1984ರಲ್ಲಿ ಅಮೆರಿಕ ತಂಡದ ಕೋಚ್ ಆಗಿ ಚಿನ್ನ ಗೆದ್ದರು. ಕಾಲೇಜು ಹುಡುಗರಿಗೆ 1939ರಿಂದಲೇ ಇದ್ದ ಎನ್‌ಸಿಎಎ ರಾಷ್ಟ್ರೀಯ ಟೂರ್ನಿ ಹುಡುಗಿಯರಿಗೆ ಶುರುವಾದದ್ದು 1982ರಲ್ಲಿ. ಲೆಕ್ಕ ಹಾಕಿ, 43 ವರ್ಷ ತಡ. ಆ ನಡುವೆ ಎಷ್ಟು ಹುಡುಗಿಯರು ಅಟ್ಟದಲ್ಲೇ ಆಡಿ ಅಟ್ಟದಲ್ಲೇ ಮುಗಿಸಿದರೋ! ಅವರಲ್ಲಿ ಛಲ ಇರಲಿಲ್ಲವೇ?

ಇನ್ನು ಮೂರನೇ ಬಾಗಿಲು. ಅದನ್ನು ಪ್ಯಾಟ್ ತಾವೇ ಬೇರೆಯವರಿಗೆ ತೆರೆದರು. ಅವರ ತಂಡದ ಹುಡುಗಿ ಕ್ಲಾಸಿಗೆ ಚಕ್ಕರ್ ಹೊಡೆಯುವಂತಿಲ್ಲ. ಕ್ಲಾಸಿನಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕು. ಟೆನೆಸಿಯಲ್ಲಿ ತಮ್ಮ ಆಟದ ಅವಧಿ ಪೂರ್ತಿ ಮುಗಿಸಿದ ಅವರ ಪ್ರತಿಯೊಬ್ಬ ಆಟಗಾರ್ತಿಯೂ ಡಿಗ್ರಿ ಪಡೆದರು. ಒಬ್ಬರೂ ತಪ್ಪಲಿಲ್ಲ. "ಆಟಕ್ಕೆ ಬಿಟ್ಟರೆ ಓದು ಕೆಡುತ್ತೆ" ಅನ್ನುವವರಿಗೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಗೊತ್ತಿಲ್ಲ. 1,098 ಗೆಲುವಿಗಿಂತ ನನಗೆ ಇದೇ ದೊಡ್ಡದು.

ಅದೇ ಯೂನಿವರ್ಸಿಟಿಯ ಪುರುಷರ ತಂಡಕ್ಕೆ ಕೋಚ್ ಆಗಿ ಬನ್ನಿ ಅಂತ ಅವರನ್ನು ಕೇಳಿದ್ದುಂಟು. ಅವರು ಹೋಗಲಿಲ್ಲ. ಹುಡುಗರಿಗೆ ಕಲಿಸುವುದು ಬಡ್ತಿ ಹೇಗಾಗುತ್ತದೆ ಅನ್ನುವುದು ಅವರ ಪ್ರಶ್ನೆ. 250 ಡಾಲರಿನಿಂದ ಶುರುವಾದ ಸಂಬಳ 2006ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್ ದಾಟಿತು. ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಅಷ್ಟು ಸಂಬಳ ಪಡೆದ ಮೊದಲ ಕೋಚ್ ಅವರು.

ಇಲ್ಲೊಂದು ವಿಚಿತ್ರವೂ ಇದೆ. ಕಾನೂನು ಬರುವ ಹೊತ್ತಿಗೆ ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರ ತಂಡಗಳಿಗೆ ಬಹುಪಾಲು ಹೆಂಗಸರೇ ಕೋಚ್. ಮುಂದೆ ಆ ಕೆಲಸಕ್ಕೆ ಒಳ್ಳೆಯ ಸಂಬಳ ಬಂದಂತೆ ಗಂಡಸರೂ ಬಂದರು. ಈಗ ಹೆಂಗಸರ ಪಾಲು ಅರ್ಧಕ್ಕಿಂತ ಕಡಿಮೆ. ಒಮ್ಮೆ ತೆರೆದ ಬಾಗಿಲು ತಾನಾಗಿ ತೆರೆದೇ ಇರುವುದಿಲ್ಲ, ಯಾರಾದರೂ ಹಿಡಿದು ನಿಂತಿರಬೇಕು.

2011ರಲ್ಲಿ ಪ್ಯಾಟ್ ಅವರಿಗೆ ಮರೆವಿನ ಕಾಯಿಲೆ ಆಲ್ಝೈಮರ್ ಇರುವುದು ಗೊತ್ತಾಯಿತು. ಆಗ ವಯಸ್ಸು ಬರೀ 59. ಮುಚ್ಚಿಡದೆ ಎಲ್ಲರ ಮುಂದೆ ಹೇಳಿದರು, ಸಹಾಯಕರ ನೆರವಿನಲ್ಲಿ ಇನ್ನೊಂದು ಸೀಸನ್ ಕೋಚ್ ಆಗಿ ನಿಂತರು, 2012ರಲ್ಲಿ ಹುದ್ದೆ ಬಿಟ್ಟರು. ಅಂಥ ಕಾಯಿಲೆ ಬಂದರೆ ಮನೆಯೊಳಗೆ ಅವಿತು ಕೂರಬೇಕಿಲ್ಲ ಅಂತ ತೋರಿಸಿಕೊಟ್ಟರು. 2016ರ ಜೂನ್ 28ರಂದು ತೀರಿಕೊಂಡರು.

ಇವರ ಕಥೆಯನ್ನು ನಿಮ್ಮ ಮನೆಯ ಹುಡುಗಿಗೆ ಖಂಡಿತ ಹೇಳಿ. ಆದರೆ ಛಲದ ಪಾಠವನ್ನು ಅವಳೊಬ್ಬಳ ತಲೆಗೆ ಕಟ್ಟಿ ಎದ್ದು ಹೋಗಬೇಡಿ. ಇದರಲ್ಲಿ ಅಪ್ಪನಿಗೆ ಪಾಠ ಇದೆ, ಮೇಷ್ಟ್ರಿಗೆ ಇದೆ, ಸರ್ಕಾರಕ್ಕೂ ಇದೆ. ನಿಮ್ಮೂರಿನ ಶಾಲೆಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: ಸಂಜೆ ಚೆಂಡು ಯಾರ ಕೈಗೆ ಸಿಗುತ್ತದೆ? "ಹುಡುಗರಿಗೆ" ಅಂತ ಉತ್ತರ ಬಂದರೆ, ಹುಡುಗಿಯರಿಗೆ ಯಾವ ದಿನ ಅಂತ ಅಲ್ಲೇ ಕೇಳಿಕೊಂಡು ಬನ್ನಿ.